ಮನೆ ಕೊಳ್ಳುವ ಮೊದಲು ಒಂದು ಲೆಕ್ಕ

ಬೀಡಿ ಕಟ್ಟಿ, ಮೀನು ಮಾರಿ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಹಣ ಕೂಡಿಟ್ಟ ಅಕ್ಕಂದಿರು ಮಂಗಳೂರಿನಲ್ಲಿ ಬಹಳ ಮಂದಿ. ಸ್ವಂತ ಮನೆ ಬೇಕೆಂದು ಎಲ್ಲರಿಗೂ ಆಸೆ. ಮನೆಯ ಬೆಲೆ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಆದರೆ ಬೆಲೆಯ ಮೇಲೆ ಸರ್ಕಾರಕ್ಕೆ ಕಟ್ಟುವ ಹಣ ಎಷ್ಟು? ಅದನ್ನು ಮುಂಗಡ ಕೊಟ್ಟ ಮೇಲೆ ಕೇಳುವವರೇ ಹೆಚ್ಚು.

ಮನೆ ನಿಮ್ಮ ಹೆಸರಿಗೆ ಬರಬೇಕಾದರೆ ಕ್ರಯಪತ್ರ ಬರೆಯಬೇಕು. ಅದನ್ನು ಉಪನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಬೇಕು. ಆಗ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎರಡೂ ಉಂಟು.

ನಗರದೊಳಗೆ 10 ಲಕ್ಷ ರೂಪಾಯಿಯ ಹಳೆಯ ಮನೆ ಕೊಂಡಿರಿ ಎನ್ನೋಣ. ಮುದ್ರಾಂಕ ಶುಲ್ಕ ನೂರಕ್ಕೆ 5. ಅಂದರೆ 50,000 ರೂಪಾಯಿ. ಆ 50,000ದ ಮೇಲೆ ನೂರಕ್ಕೆ 10ರಂತೆ ಸೆಸ್, 5,000. ಅದರ ಮೇಲೆಯೇ ನೂರಕ್ಕೆ 2ರಂತೆ ಸರ್‌ಚಾರ್ಜ್, 1,000. ನೋಂದಣಿ ಶುಲ್ಕ ಮೊದಲು ಬೆಲೆಯ ನೂರಕ್ಕೆ 1 ಇತ್ತು. 2025ರ ಆಗಸ್ಟ್ 31ರಿಂದ ನೂರಕ್ಕೆ 2 ಆಯಿತು. ಅದು 20,000. ಒಟ್ಟು 76,000 ರೂಪಾಯಿ! ಎಷ್ಟು ಸಾವಿರ ಬೀಡಿ ಕಟ್ಟಬೇಕು, ನೀವೇ ಹೇಳಿ.

“ಪತ್ರದಲ್ಲಿ ಬೆಲೆ ಕಡಿಮೆ ಬರೆದರೆ ಆಯಿತಲ್ಲ ಅಕ್ಕಾ?”

ಆಗುವುದಿಲ್ಲ. ಪ್ರತಿ ಜಾಗಕ್ಕೂ ಸರ್ಕಾರ ಒಂದು ಮಾರ್ಗಸೂಚಿ ಬೆಲೆ ಇಟ್ಟಿದೆ. ಆ ಬೆಲೆ, ನೀವು ಕೊಟ್ಟ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ.

“ಹಾಗಾದರೆ ಛಾಪಾ ಕಾಗದದಲ್ಲಿ ಕರಾರು ಬರೆಸಿ ಕೂತರೆ?”

ಕೆಲವರು ಹೀಗೆ ಮಾಡುತ್ತಾರೆ. ಬರೇ ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ. 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಆಸ್ತಿಯ ಕ್ರಯ ನೋಂದಣಿ ಆಗಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಮಾರಿದವನು ಅದೇ ಮನೆಯನ್ನು ಇನ್ನೊಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟರೆ ನೀವು ಕೋರ್ಟಿಗೆ ಅಲೆಯಬೇಕು.

ರಿಯಾಯಿತಿ ಇಲ್ಲವೇ? ಉಂಟು. ಹೊಸ ಫ್ಲ್ಯಾಟು ಮೊದಲ ಸಲ ನೋಂದಣಿ ಆಗುವಾಗ, ಬೆಲೆ 20 ಲಕ್ಷದ ಒಳಗಿದ್ದರೆ ಮುದ್ರಾಂಕ ಶುಲ್ಕ ನೂರಕ್ಕೆ 2 ಮಾತ್ರ. ಅದಕ್ಕಿಂತ ಮೇಲೆ 45 ಲಕ್ಷದವರೆಗೆ ನೂರಕ್ಕೆ 3. ಇಲ್ಲಿ ಒಂದು ಮಾತು ಸರಿಯಾಗಿ ಗಮನಿಸಿ. ಈ ರಿಯಾಯಿತಿ ಫ್ಲ್ಯಾಟು ಹೊಸದು ಎಂಬುದಕ್ಕೆ. ನಿಮಗೆ ಇದು ಮೊದಲ ಮನೆ ಎಂಬುದಕ್ಕೆ ಅಲ್ಲ. ನೀವು ಜನ್ಮದಲ್ಲಿ ಮೊದಲ ಸಲ ಮನೆ ಕೊಂಡರೂ, ಅದು ಹಳೆಯ ಮನೆಯಾದರೆ ನೂರಕ್ಕೆ 5 ಕಟ್ಟಬೇಕು. ಬಡವರು ಕೊಳ್ಳುವುದು ಹೆಚ್ಚಾಗಿ ಹಳೆಯದನ್ನೇ. ಇದು ನ್ಯಾಯವೇ ಎಂದು ಕೇಳಬೇಕಾದ ಮಾತು.

ದೆಹಲಿಯಲ್ಲಿ ಹೆಂಗಸಿನ ಹೆಸರಿಗೆ ಮನೆ ಕೊಂಡರೆ ಮುದ್ರಾಂಕ ಶುಲ್ಕ ಕಡಿಮೆ. ನಮ್ಮ ಕರ್ನಾಟಕದಲ್ಲಿ ಹಾಗಿಲ್ಲ. ಆದರೂ ಹೆಸರು ನಿಮ್ಮದಿರಲಿ. ಅದಕ್ಕೆ ಕಾರಣ ಉಂಟು. 2024ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಎರಡನೆಯ ಹಂತ ನಗರಗಳಿಗೆ ಬಂತು. ಅದರಲ್ಲಿ ಬ್ಯಾಂಕಿನ ಮನೆಸಾಲದ ಬಡ್ಡಿಗೆ ಸಹಾಯಧನ ಸಿಗುತ್ತದೆ, ಹೆಚ್ಚೆಂದರೆ 1,80,000 ರೂಪಾಯಿ. ಮನೆಯವರ ವರ್ಷದ ಆದಾಯ 9 ಲಕ್ಷ ಮೀರಬಾರದು. ದೇಶದಲ್ಲಿ ಎಲ್ಲಿಯೂ ಆ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು. ಮೊದಲ ಮನೆಯವರಿಗೆ ನಿಜವಾದ ರಿಯಾಯಿತಿ ಇದೇ. ಮನೆ ಹೆಂಗಸಿನ ಹೆಸರಲ್ಲಿ ಅಥವಾ ಗಂಡ-ಹೆಂಡತಿಯ ಜಂಟಿ ಹೆಸರಲ್ಲಿ ಇರಬೇಕೆಂದು ಈ ಯೋಜನೆ ಹೇಳುತ್ತದೆ.

ಮನೆ ಈಗಾಗಲೇ ಗಂಡನ ಹೆಸರಲ್ಲಿ ಇದೆಯೇ? ಅವರು ದಾನಪತ್ರ ಮಾಡಿ ನಿಮಗೆ ಕೊಡಬಹುದು. ಗಂಡ, ಹೆಂಡತಿ, ಮಕ್ಕಳ ನಡುವಿನ ದಾನಪತ್ರಕ್ಕೆ ಬೆಲೆಯ ಮೇಲೆ ನೂರಕ್ಕೆ ಇಷ್ಟು ಎಂಬ ಲೆಕ್ಕ ಇಲ್ಲ. ಒಂದು ನಿಗದಿ ಮೊತ್ತ ಕಟ್ಟಿದರೆ ಸಾಕು.

ಪತ್ರ ಬರೆಯುವವರು ಎಲ್ಲ ಖರ್ಚನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ. ಹಣ ಕಟ್ಟಿದ ಚಲನ್ ಕೇಳಿ ಪಡೆಯಿರಿ. ಪತ್ರದಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ ಎಂದು ಓದಿ, ಆಮೇಲೆ ಸಹಿ ಹಾಕಿ.

ಲೆಕ್ಕ ಮಾಡಿ: ನಗರದಲ್ಲಿ 12 ಲಕ್ಷ ರೂಪಾಯಿಯ ಹೊಸ ಫ್ಲ್ಯಾಟು. ಮುದ್ರಾಂಕ ಶುಲ್ಕ ಎಷ್ಟು? ಸೆಸ್ ಎಷ್ಟು? ಸರ್‌ಚಾರ್ಜ್ ಎಷ್ಟು? ನೋಂದಣಿ ಶುಲ್ಕ ಎಷ್ಟು? (ಒಟ್ಟು 50,880 ರೂಪಾಯಿ ಬಂದರೆ ನಿಮ್ಮ ಲೆಕ್ಕ ಸರಿ.)