ಸೂಜಿಗೂ ಮೊದಲು ಎರಡು ಮಾತು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಸರ್ಕಾರಿ ಆಸ್ಪತ್ರೆಗಳಿಗೆ ಹೊಸದಾಗಿ ಬರುವ ಶುಶ್ರೂಷಾಧಿಕಾರಿಗೆ ಕ್ಯಾನುಲಾ ಹಾಕುವುದು, ಡೋಸ್ ಲೆಕ್ಕ ಹಾಕುವುದು ಕಾಲೇಜಿನಲ್ಲೇ ಬಂದಿರುತ್ತದೆ. ಮಂಚದ ಸುತ್ತ ನಿಂತ ಏಳೆಂಟು ಮಂದಿ ಬಂಧುಗಳ ಜತೆ ಹೇಗೆ ಮಾತಾಡಬೇಕು ಎಂಬುದನ್ನು ಮಾತ್ರ ವಾರ್ಡಿನಲ್ಲೇ ಕಲಿಯಬೇಕು. ವೈದ್ಯರು ರೌಂಡ್ಸ್ ಮುಗಿಸಿ ಹೋಗುತ್ತಾರೆ. ಮೂರೂ ಪಾಳಿಯಲ್ಲಿ ರೋಗಿಯ ಹತ್ತಿರ ಉಳಿಯುವವರು ನರ್ಸ್. ಹಾಗಾಗಿ ಮನೆಯವರ ಪ್ರಶ್ನೆಗಳೆಲ್ಲ ಬಂದು ಬೀಳುವುದು ಅವರ ಮೇಲೆಯೇ. ಬಿಡಿಸಿ ನೋಡಿದರೆ ಆ ಪ್ರಶ್ನೆಗಳು ಎರಡೇ: ಮುಂದೇನು ಮಾಡ್ತೀರಿ? ಯಾವಾಗ ಮಾಡ್ತೀರಿ? ಅವರು ಕೇಳುವ ಮೊದಲೇ ಈ ಎರಡಕ್ಕೆ ಉತ್ತರ ಕೊಟ್ಟರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಅದನ್ನು ರೂಢಿಸಿಕೊಳ್ಳುವ ಬಗೆ ಹೀಗಿದೆ.

1. ಹೆಸರು ಹೇಳಿ, ಹೊತ್ತು ಹೇಳಿ

ಬ್ರಿಟನ್ನಿನ ವೈದ್ಯೆ ಕೇಟ್ ಗ್ರೇಂಜರ್ ಕ್ಯಾನ್ಸರ್ ರೋಗಿಯಾಗಿ ಆಸ್ಪತ್ರೆ ಸೇರಿದಾಗ, ಬಂದು ಹೋಗುವ ಸಿಬ್ಬಂದಿಯಲ್ಲಿ ಎಷ್ಟೋ ಮಂದಿ ತಮ್ಮ ಹೆಸರನ್ನೇ ಹೇಳುತ್ತಿಲ್ಲ ಎಂಬುದನ್ನು ಗಮನಿಸಿದರು. 2013ರಲ್ಲಿ ಅವರು ಶುರು ಮಾಡಿದ ‘ನಮಸ್ಕಾರ, ನನ್ನ ಹೆಸರು...’ ಅಭಿಯಾನ ಹಲವು ದೇಶಗಳಿಗೆ ಹಬ್ಬಿತು. ನಮ್ಮಲ್ಲಿ ಇದಕ್ಕೆ ಬೇಕಾದ್ದು ಅರ್ಧ ನಿಮಿಷ: “ಮುತ್ಯಾ, ನಾ ಈ ವಾರ್ಡಿನ ಸಿಸ್ಟರ್, ಹೆಸರು ಇಂಥಾದ್ದು. ರಾತ್ರಿ ಎಂಟರ ತನಕ ನಾನೇ ಇರ್ತೀನ್ರಿ.”

ಹಿರಿಯರಿಗೆ ಆಯಿ, ಮುತ್ಯಾ, ಕಾಕಾ, ಅವ್ವ. ಕಿರಿಯರಿಗೆ ತಂಗಿ, ತಮ್ಮ. “ಆರನೇ ಬೆಡ್ಡಿನ ಪಾಯ್ಸನ್ ಕೇಸು” ಎಂಬ ಮಾತು ರೋಗಿಗೆ, ಪಕ್ಕದ ಮಂಚದವರಿಗೆ ಕೇಳಿಸುವಂತೆ ಬರಲೇಬಾರದು.

2. ಯಾವ ಭಾಷೆಯಲ್ಲಿ ನೋವು ಹೇಳುತ್ತಾರೆ, ಕೇಳಿ

ಮಹಾರಾಷ್ಟ್ರದ ಗಡಿಗೆ ಅಂಟಿದ ಆಳಂದ, ಅಫಜಲಪುರದ ಹಳ್ಳಿಗಳಲ್ಲಿ ಮರಾಠಿ ಮಾತಾಡುವವರಿದ್ದಾರೆ. ಪೇಟೆಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕನ್ನಡ ಬಂದರೂ ನೋವನ್ನು ಕನ್ನಡದಲ್ಲಿ ಹೇಳಲು ತಡವರಿಸುವವರು ಹಲವರು. ಯಾವ ಭಾಷೆ ಸಲೀಸು ಎಂದು ಕೇಳಿ, ಕೇಸ್ ಶೀಟಿನ ಮೇಲೆ ಬರೆದಿಡಿ. ಮುಂದಿನ ಪಾಳಿಗೂ ಅನುಕೂಲ. ಹೆಣ್ಣುಮಕ್ಕಳ ಮುಟ್ಟು, ಗರ್ಭದ ವಿಷಯವನ್ನು ಗಂಡನಿಂದಲೋ ಮಗನಿಂದಲೋ ಹೇಳಿಸಬೇಡಿ. ಆ ಭಾಷೆ ಬಲ್ಲ ಆಶಾ ಕಾರ್ಯಕರ್ತೆ ಅಥವಾ ಮಹಿಳಾ ಸಿಬ್ಬಂದಿಯನ್ನು ಕರೆಯಿರಿ. “ಎಲ್ಲಿ ನೋಯ್ತದ, ಕೈಯಿಟ್ಟು ತೋರಸ್ರಿ” ಎಂದರೆ ಯಾವ ಭಾಷೆಯವರಾದರೂ ತೋರಿಸುತ್ತಾರೆ.

3. ಮುಟ್ಟುವ ಮೊದಲು ಹೇಳಿ, ಕತ್ತರಿಸುವ ಮೊದಲು ಕೇಳಿ

ಗಾಣಗಾಪುರದ ದತ್ತನ ದರ್ಶನ ಮಾಡಿಕೊಂಡೋ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೋಗಿಬಂದೋ ಆಸ್ಪತ್ರೆಗೆ ಬರುವವರು ಇಲ್ಲಿ ಹೊಸಬರಲ್ಲ. ಕ್ಯಾನುಲಾ ಹಾಕಬೇಕಾದ ಜಾಗದಲ್ಲೇ ದಾರವೋ ತಾಯತವೋ ಇರುತ್ತದೆ. ಕತ್ತರಿ ಎತ್ತಬೇಡಿ. “ಇದನ್ನ ಬಿಚ್ಚಿ ಇನ್ನೊಂದು ಕೈಗೆ ಕಟ್ರಿ” ಎಂದು ಮನೆಯ ಹಿರಿಯರಿಗೇ ಹೇಳಿ. ಕುಬ್ಸ ಮಾಡಿಸಿಕೊಂಡ ಗರ್ಭಿಣಿಯ ಹಸಿರು ಬಳೆಗೂ ಇದೇ ರೀತಿ: ಕೈ ಬಾತರೆ ಬಳೆ ಬಿಗಿಯುತ್ತದೆ ಎಂದು ಕಾರಣ ಹೇಳಿ, ಅತ್ತೆಯ ಕೈಯಿಂದಲೇ ತೆಗೆಸಿ. ಪರದೆ ಎಳೆಯುವುದು, ಸೆರಗು ಸರಿಸುವ ಮೊದಲು ಹೇಳುವುದು ಮರೆಯಬಾರದು.

4. ಕಾಯುವ ಹೊತ್ತನ್ನು ಬಿಡಿಸಿ ಹೇಳಿ

ಹೊಲದಲ್ಲಿ ಹಾವು ಕಚ್ಚಿದವರನ್ನು ಕರೆತಂದಾಗ ಮನೆಯವರಿಗೆ ಒಂದೊಂದು ಗಳಿಗೆಯೂ ಯುಗ. ಆಗಲೇ ನರ್ಸ್ 2 ಮಿ.ಲೀ. ರಕ್ತ ತೆಗೆದು ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಡಬೇಕಾಗುತ್ತದೆ. ಹೊರಗೆ ನಿಂತವರ ಕಣ್ಣಿಗೆ ಅದು “ಯಾರೂ ಏನೂ ಮಾಡವಲ್ರು”. ಏನು ನಡೆದಿದೆ ಎಂದು ಯಾರೂ ಹೇಳದಿದ್ದರೆ ಗಲಾಟೆ ಏಳುವುದು ಈ ಇಪ್ಪತ್ತು ನಿಮಿಷದಲ್ಲೇ.

ಗೋಡೆಯ ಗಡಿಯಾರ ತೋರಿಸಿ ಹೇಳಿ: “ಕಾಕಾ, ಈ ರಗತ ಇಪ್ಪತ್ತು ನಿಮಿಷ ಹಿಂಗೇ ಇಡ್ತೀವ್ರಿ. ಹೆಪ್ಪುಗಟ್ಟಲಿಲ್ಲಂದ್ರ ವಿಷ ರಗತಕ್ಕ ಏರ್ಯಾದ ಅಂತ, ಆಗ ವಿಷದ ಔಷಧ ಸಲೈನಿನೊಳಗ ಕೊಡ್ತೀವಿ. ಈಗ ಹತ್ತು ಹತ್ತು. ಹತ್ತೂವರಿಗೆ ಡಾಕ್ಟರ್ ನೋಡಿ ಹೇಳ್ತಾರ.” ಜತೆಗೆ ಒಬ್ಬರಿಗೆ ಕೆಲಸ ಕೊಡಿ: “ರೆಪ್ಪಿ ಇಳಿಬೀಳ್ತಾವೇನು, ಮಾತು ತೊದಲ್ತಾವೇನು ನೋಡ್ಕೋತ ಇರ್ರಿ, ಹಂಗಾದ್ರ ಕೂಡ್ಲೇ ಕೂಗ್ರಿ.” ನಾಗರ, ಕಟ್ಟು ಹಾವಿನ ವಿಷ ನರಕ್ಕೆ ಏರುವುದರಿಂದ ರಕ್ತದ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು, ಕಣ್ಣು, ಮಾತು, ಉಸಿರಿನ ಮೇಲೆ ನಿಮ್ಮ ನಿಗಾ ಹೇಗೂ ಇರಬೇಕು. ಏನೂ ಕಾಣದಿದ್ದರೂ 24 ತಾಸು ಆಸ್ಪತ್ರೆಯಲ್ಲಿ ಇರಬೇಕು ಎಂಬುದನ್ನೂ ಬಂದ ಕೂಡಲೇ ಹೇಳಿಬಿಡಿ. ಮುಂಜಾನೆ “ಆರಾಮಾಗ್ಯಾನ, ಮನಿಗೆ ಒಯ್ತೀವಿ” ಎಂಬ ಹಟ ತಪ್ಪುತ್ತದೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕು. ಹೆಸರು, ಊರು ಕೇಳುವಾಗ ಅದಕ್ಕೇ ಕೇಳುತ್ತಿದ್ದೇವೆ ಎಂದು ತಿಳಿಸಿ.

5. ವಿಷ ಕುಡಿದವರಿಗೆ ಬುದ್ಧಿ ಹೇಳಬೇಡಿ

ಹತ್ತಿ, ತೊಗರಿಗೆ ಹೊಡೆಯುವ ಎಣ್ಣೆ ಮನೆಯಲ್ಲೇ ಇರುವ ಸೀಮೆ ಇದು. ಹೊಟ್ಟೆ ತೊಳೆಯುವಾಗ “ಸಾಯಾಕ ಹೊರಟಿದ್ದಿ, ಈಗ್ಯಾಕ ಅಳ್ತಿ?” ಎಂಬ ಮಾತು ಬಾಯಿಂದ ಜಾರಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಬರೆಯುವಾಗ ಮನೆಯವರು ಪೊಲೀಸರಿಗೆ ಹೆದರುತ್ತಾರೆ. ಇದು ನಿಯಮದ ದಾಖಲೆ, ಚಿಕಿತ್ಸೆ ಇದಕ್ಕಾಗಿ ನಿಲ್ಲದು ಎಂದು ಹೇಳಿ. ರೋಗಿ ಚೇತರಿಸಿಕೊಂಡ ಮೇಲೆ ಬಂಧುಗಳನ್ನು ಹೊರಗೆ ಕಳಿಸಿ ಐದು ನಿಮಿಷ ಅವರ ಜತೆ ಕೂರಿ. ಕೇಳಿಸಿಕೊಂಡಿದ್ದನ್ನು ವೈದ್ಯರಿಗೆ ಮುಟ್ಟಿಸಿ. ಮನೆಗೆ ಹೋಗುವಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ.

6. ಹೆರಿಗೆ ಕೋಣೆಯಲ್ಲಿ ದನಿ ಇಳಿಸಿ

ಬ್ಯಾನಿ ತಿನ್ನುವ ಹೆಣ್ಣುಮಗಳ ಜತೆ ತಾಯಿಯೋ ಅಕ್ಕನೋ ಇರಲಿ. ಕೇಂದ್ರ ಸರ್ಕಾರ 2017ರಲ್ಲಿ ತಂದ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆಯ ಸಂಗಾತಿಗೆ ಅವಕಾಶ ಕೊಡುತ್ತದೆ. ಪ್ರತಿ ಸಲ ಒಳಪರೀಕ್ಷೆ ಮಾಡುವ ಮೊದಲು ಹೇಳಿ, ಮುಗಿದ ಮೇಲೆ “ಇನ್ನಾ ಹೊತ್ತದ” ಅಥವಾ “ಚೊಲೋ ನಡದದ” ಎಂದು ತಿಳಿಸಿ. ಕೂಸು ಕಡಿಮೆ ತೂಕದ್ದಾದರೆ ಎದೆಗೆ ಎದೆ ಹಚ್ಚಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಬಾಣಂತಿಗೊಬ್ಬಳಿಗೇ ಹೇಳಿದರೆ ಸಾಲದು. ಮನೆಯಲ್ಲಿ ಮಾತು ನಡೆಯುವ ಅತ್ತೆಯನ್ನೂ ಕೂರಿಸಿಕೊಂಡು ತೋರಿಸಿ.

7. ‘ರೆಫರ್’ ಎಂದು ಹೇಳುವಾಗ ಕೂತು ಹೇಳಿ

ರೋಗಿಯನ್ನು ಕಳಿಸಬೇಕಾದ ಕಲಬುರಗಿ ಆಳಂದ, ಜೇವರ್ಗಿಗಳಿಂದ ಸುಮಾರು 40 ಕಿ.ಮೀ., ಅಫಜಲಪುರದಿಂದ ಇನ್ನೂ ದೂರ. ರೆಫರ್ ಎಂದ ಕೂಡಲೇ ಮನೆಯವರಿಗೆ ಕಾಣುವುದು ಎರಡು: ರೋಗಿ ಉಳಿಯುವುದಿಲ್ಲ, ಇಲ್ಲವೇ ಇವರು ಕೈ ತೊಳೆದುಕೊಂಡರು. ಕಾರಣವನ್ನು ವೈದ್ಯರು ಹೇಳುತ್ತಾರೆ. ಉಳಿದದ್ದನ್ನು ನೀವು ಹೀಗೆ ಜೋಡಿಸಿ:

• ಎಲ್ಲಿಗೆ, ಅಲ್ಲಿ ಇಲ್ಲಿಲ್ಲದ ಏನು ಸಿಗುತ್ತದೆ (ವೆಂಟಿಲೇಟರ್, ರಕ್ತ, ತಜ್ಞರು).
• 108 ಆಂಬುಲೆನ್ಸ್ ಬರುವವರೆಗೆ ಇಲ್ಲಿ ಏನು ಮಾಡುತ್ತಿರುತ್ತೇವೆ.
• ಜತೆಗೆ ಯಾರು ಬರಬೇಕು. ಆಧಾರ್, ರೇಷನ್ ಕಾರ್ಡ್, ರೆಫರಲ್ ಪತ್ರ ಯಾರ ಕೈಯಲ್ಲಿರಬೇಕು.
• ಕೊಟ್ಟ ಔಷಧ, ಕೊಟ್ಟ ಹೊತ್ತು ಬರೆದ ಹಾಳೆ. ಅಲ್ಲಿಗೆ ಫೋನ್ ಮಾಡಿ ತಿಳಿಸಿದ್ದೇವೆ ಎಂಬ ಮಾತು. ಫೋನ್ ಮಾಡಿದ್ದರೆ ಮಾತ್ರ.

ಗುಂಪಿನಲ್ಲಿ ಸಿಟ್ಟು ಏರಿದ್ದರೆ ಕಾರಿಡಾರಿನಲ್ಲಿ ವಾದಕ್ಕೆ ನಿಲ್ಲಬೇಡಿ. ಊರಿನ ಹಿರಿಯರೊಬ್ಬರನ್ನು ಒಳಗೆ ಕರೆದು ಕೂರಿಸಿ, ಸಹೋದ್ಯೋಗಿಯನ್ನು ಜತೆಗಿಟ್ಟುಕೊಂಡು ಮಾತಾಡಿ. ಕೈ ಎತ್ತುವವರೆಗೆ ಹೋದರೆ ಸಹಿಸಿಕೊಂಡು ಸುಮ್ಮನಿರಬೇಕಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ರಾಜ್ಯದಲ್ಲಿ 2009ರ ಕಾಯ್ದೆಯಿದೆ.

8. ಡಿಸ್ಚಾರ್ಜ್ ದಿನ ಅವರಿಂದಲೇ ಹೇಳಿಸಿ

“ತಿಳೀತೇನ್ರಿ?” ಎಂದರೆ ಎಲ್ಲರೂ “ಹೂಂ” ಅನ್ನುತ್ತಾರೆ. ಹೀಗೆ ಕೇಳಿ: “ನಾ ಬರೋಬ್ಬರಿ ಹೇಳೀನೋ ಇಲ್ಲೋ ನೋಡೂಣು, ಈ ಗುಳಿಗಿ ಯಾವಾಗ ತಗೋತೀರಿ, ನೀವೊಮ್ಮೆ ಹೇಳ್ರಿ.” ಓದು ಬಾರದವರಿಗೆ ಲಕೋಟೆಯ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ದುಡಿಯಲು ಪುಣೆ, ಮುಂಬೈಗೆ ಹೋಗುವವರಾದರೆ ಯಾವಾಗ ಹೊರಡುತ್ತೀರಿ ಎಂದು ಮೊದಲು ಕೇಳಿ. ಕ್ಷಯ ರೋಗಿಗೆ ನಿಕ್ಷಯ್ ನೋಂದಣಿ ಸಂಖ್ಯೆ ಬರೆದುಕೊಟ್ಟರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಸಬಹುದು.

ಮನೆಯವರು ಮಾಡಬೇಕಾದ್ದು

• ಸಿಸ್ಟರ್ ಜತೆ ಮಾತಾಡಲು ಒಬ್ಬರನ್ನು ಗೊತ್ತುಮಾಡಿ. ಉಳಿದವರಿಗೆ ಅವರೇ ತಿಳಿಸಲಿ.
• ಹಳೆಯ ಚೀಟಿ, ನುಂಗುತ್ತಿರುವ ಗುಳಿಗಿ, ವಿಷದ ಬಾಟಲಿ ಜತೆಗೆ ತನ್ನಿ. ಹಾವನ್ನು ಹಿಡಿದು ತರಲು ಹೋಗಬೇಡಿ.
• ಪಾಳಿ ಬದಲಾಗುವ ಹೊತ್ತಿನಲ್ಲಿ ತುರ್ತಿಲ್ಲದ ಪ್ರಶ್ನೆ ಹತ್ತು ನಿಮಿಷ ತಡೆಯಲಿ.
• ಕೇಳುವುದಾದರೆ ಎರಡೇ ಕೇಳಿ: ಮುಂದೇನು, ಯಾವಾಗ? ಉತ್ತರ ಸಿಗದಿದ್ದರೆ ಮತ್ತೆ ಕೇಳುವ ಹಕ್ಕು ನಿಮಗಿದೆ.