ಲಾಯಕ್ ಅಲಿ: ಬಾರದ ನೆರವಿಗೆ ಕಾದ ಪ್ರಧಾನಿ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಾವು ಕಲ್ಯಾಣ ಕರ್ನಾಟಕ ಉತ್ಸವ ಆಚರಿಸುತ್ತೇವೆ. 1948ರ ಅದೇ ದಿನ ಹೈದರಾಬಾದ್ ಸಂಸ್ಥಾನದ ಪ್ರಧಾನಿ ಮೀರ್ ಲಾಯಕ್ ಅಲಿ ರಾಜೀನಾಮೆ ಕೊಟ್ಟರು. ಆಗ ನಮ್ಮ ವಡಗೇರಾ ಆ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು.

ಎಂಜಿನಿಯರ್ ಹಾಗೂ ಉದ್ಯಮಿಯಾಗಿದ್ದ ಅವರು 1947ರ ಕೊನೆಯಲ್ಲಿ ಪ್ರಧಾನಿಯಾದರು. ಭಾರತದೊಡನೆ ವಿಲೀನಕ್ಕೆ ಒಪ್ಪಲಿಲ್ಲ. ಖಾಸಿಂ ರಜ್ವಿಯ ರಜಾಕಾರರಿಗೆ ಕಡಿವಾಣ ಹಾಕಲಿಲ್ಲ. ವಿಲೀನದ ಪರ ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ಲಾಯಕ್ ಅಲಿ ವಿಶ್ವಸಂಸ್ಥೆಯನ್ನು ನಂಬಿದ್ದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 16ರಂದು ಭದ್ರತಾ ಮಂಡಳಿ ವಿಷಯ ಕೈಗೆತ್ತಿಕೊಂಡಿತು. ಮರುದಿನವೇ ಸರ್ಕಾರ ಬಿತ್ತು.

1940ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಫ್ರಾನ್ಸಿನ ಪ್ರಧಾನಿ ಪಾಲ್ ರೇನೋ ಕೂಡ ಅಮೆರಿಕದತ್ತ ಕೈಚಾಚಿದ್ದರು. ಸಾಕಷ್ಟು ನೆರವು ಬರಲಿಲ್ಲ; ಮೂರು ತಿಂಗಳು ತುಂಬುವ ಮೊದಲೇ ಅಧಿಕಾರ ಬಿಟ್ಟರು. ಆದರೆ ಇಬ್ಬರೂ ಒಂದೇ ಅಲ್ಲ. ರೇನೋ ಎದುರಿಸಿದ್ದು ಪರರ ಆಕ್ರಮಣ. ಲಾಯಕ್ ಅಲಿ ಎದುರು ನಿಂತದ್ದು ತಮ್ಮ ಜನರ ಬಹುಪಾಲಿನ ಇಚ್ಛೆಗೆ.

ಬೆಲೆ ತೆತ್ತವರು ಸಾಮಾನ್ಯರು. ಮೊದಲು ರಜಾಕಾರರ ಹಾವಳಿಯಲ್ಲಿ, ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಎಷ್ಟೋ ಮನೆಗಳು ಹಾಳಾದವು. ಎರಡೂ ನಮ್ಮದೇ ಇತಿಹಾಸ. ಒಂದನ್ನು ಓದಿ ಇನ್ನೊಂದನ್ನು ಬಿಡಬಾರದು.