ಹಿರಿಯರ ಮರೆವು ಮತ್ತು ದೂರದಿಂದ ನೋಡಿಕೊಳ್ಳುವ ವ್ಯವಹಾರ

ನಿಮ್ಮ ದೊಡ್ಡಮ್ಮನವರು ಬೆಂಗಳೂರಿನ ಎನ್.ಆರ್. ಕಾಲೋನಿಯ ಹಳೆಯ ಮನೆಯಲ್ಲಿ ಒಬ್ಬರೇ ಇರುವರೆಂದು ಭಾವಿಸಿರಿ. ದಂಪತಿಗಳಾದ ನೀವು ಹಳ್ಳಿಯಲ್ಲಿ ಬೇಸಾಯದಲ್ಲಿರುವಿರಿ. ಗಾಂಧಿ ಬಜಾರಿಗೆ ಹೋದವರು ಮನೆಯ ದಾರಿ ಮರೆತರೆಂದು ನೆರೆಯವರು ತಿಳಿಸುತ್ತಾರೆ. ಅರಳುಮರಳೆಂದು ಸುಮ್ಮನಿರಬೇಡಿರಿ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯುಂಟು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತೋರಿಸಿರಿ.

ಡಿಮೆನ್ಷಿಯಾ ಎಂದು ವೈದ್ಯರು ನಿರ್ಧರಿಸಿದರೆ, ಅವರಿಗೆ ತಿಳಿವಳಿಕೆ ಇರುವಾಗಲೇ ಕೂತು ಮಾತನಾಡಿರಿ. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಸಾಕೆಂದು ಬಹುಮಂದಿ ನಂಬಿರುತ್ತಾರೆ. ಆದರೆ 1872ರ ಭಾರತೀಯ ಕರಾರು ಕಾಯಿದೆಯ 201ನೆಯ ಪ್ರಕರಣದಂತೆ, ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಹೋದೊಡನೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಬೇಕಾದ ಹೊತ್ತಿಗೇ ಕೈಬಿಡುವ ಕಾಗದವಿದು! ಆಮೇಲೆ ಮನೆ ಮಾರುವಂಥ ಕೆಲಸಕ್ಕೆ ಪೋಷಕರನ್ನು ನೇಮಿಸುವಂತೆ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ. ಆದುದರಿಂದ ಉಯಿಲು ಬರೆಯುವ ಇಚ್ಛೆ ಅವರಿಗಿದ್ದರೆ ತಡಮಾಡಕೂಡದು. ಬ್ಯಾಂಕಿನ ಖಾತೆಯನ್ನು ಅವರ ಒಪ್ಪಿಗೆಯಿಂದ ಜಂಟಿಯಾಗಿ ಮಾಡಿಸಬಹುದು. ಆದರೂ ಹಣ ಅವರದೇ. ತೆಗೆದ ಪ್ರತಿ ರೂಪಾಯಿಗೂ ಲೆಕ್ಕ ಬರೆದಿಡಿರಿ, ಒಡಹುಟ್ಟಿದವರಿಗೂ ತೋರಿಸಿರಿ.

2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪ್ರತಿನಿಧಿಯನ್ನು ಅವರೇ ಬರವಣಿಗೆಯಲ್ಲಿ ಹೆಸರಿಸಬಹುದು. ಅದು ಆಸ್ತಿಗೆ ಅನ್ವಯಿಸುವುದಿಲ್ಲ.

ಪಿಂಚಣಿ ಇದ್ದರೆ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಿಸಲು ಒಬ್ಬರು ಬೆಂಗಳೂರಿಗೆ ಬನ್ನಿರಿ. ಒಂದು ಬೀಗದಕೈ ನಂಬಿಕೆಯ ನೆರೆಮನೆಯಲ್ಲಿರಲಿ. ಹಿರಿಯರ ಸಹಾಯವಾಣಿ 14567ನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು, ಅದರ ಕೆಳಗೆ ನಿಮ್ಮ ಊರಿನ ಫೋನ್ ಸಂಖ್ಯೆಯನ್ನೂ ಬರೆದಿಡಿರಿ.